ಲೆಸ್ಲಿ ವೇನನ ವಯಸ್ಸಿನ ತಕರಾರು

ಹೆಣ್ಣು ನೋಡಲು ಹೋದ ಮನೆಯಲ್ಲಿ ಕೇಳುವ ಪ್ರಶ್ನೆಗಳೂ ಕೊಡುವ ಉತ್ತರಗಳೂ ನಮ್ಮ ಕಡೆ ಎಂದೋ ನಿಗದಿಯಾಗಿಬಿಟ್ಟಿವೆ. ನಾನಂತೂ ಮೂವತ್ತೆಂಟು ವರ್ಷ ಪ್ರಾಥಮಿಕ ಶಾಲೆಯಲ್ಲಿ, ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ ಕೇಳಿ ನಿವೃತ್ತನಾದ ಮಾಸ್ತರ. ಹೀಗಾಗಿ ೧೯೯೭ರ ಯುಗಾದಿ ಮುಗಿದ ವಾರ, ನನ್ನ ಅಕ್ಕನ ಮಗ ಸಿದ್ದಾರೂಢನಿಗೆ ಹೆಣ್ಣು ನೋಡಲು ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಹೋದಾಗ, ಅನಾಹುತವೇನೂ ಆಗಲಾರದು ಎಂಬ ಧೈರ್ಯದಿಂದ ಎರಡನೆಯ ಸಲ ಭಜಿ ಹಾಕಿಸಿಕೊಂಡೆ.

ಸಿದ್ದಾರೂಢ ಒಳ್ಳೆಯ ಹುಡುಗ. ಇಪ್ಪತ್ತೊಂಬತ್ತು ವರ್ಷ, ಆಲಮಟ್ಟಿಯ ಅಣೆಕಟ್ಟಿನ ಕಚೇರಿಯಲ್ಲಿ ಗುಮಾಸ್ತ, ಎಲೆ ಅಡಿಕೆ ಸಹ ಮುಟ್ಟುವುದಿಲ್ಲ. ಅವನ ತೊಂದರೆ ಒಂದೇ. ತಲೆಯಲ್ಲಿರುವುದು ಬಾಯಿಗೆ ಬರುವ ದಾರಿಯಲ್ಲಿ ಯಾವ ತಪಾಸಣೆಯೂ ನಡೆಯುವುದಿಲ್ಲ. ಹಿಂದಿನ ವರ್ಷ ಇಂಡಿ ಊರಿನಲ್ಲಿ ನೋಡಿದ ಹುಡುಗಿಯ ಅಪ್ಪ "ಹ್ಯಾಂಗ ಅನಸ್ತು?" ಎಂದು ಕೇಳಿದ್ದಕ್ಕೆ, "ಉಪ್ಪಿಟ್ಟಿನಾಗ ಉಪ್ಪ ಕಡಿಮಿ ಆಗೇತ್ರಿ" ಎಂದು ಹೇಳಿ ಎದ್ದು ಬಂದಿದ್ದ. ಅದಕ್ಕೇ ಈ ಸಲ ಬಸ್ಸಿನಲ್ಲಿ ನಾನು ಅವನಿಗೆ ಪಾಠ ಒಪ್ಪಿಸಲು ಹಚ್ಚಿದ್ದೆ. ಹವ್ಯಾಸ ಏನೆಂದರೆ "ಪುಸ್ತಕ ಓದತೇನ್ರಿ" ಅನ್ನಬೇಕು. ಯಾವ ಪುಸ್ತಕ ಎಂದು ಹೆಣ್ಣು ಕೊಡುವವರು ಯಾರೂ ಕೇಳುವುದಿಲ್ಲ.

ಹುಡುಗಿಯ ಅಪ್ಪ ರೇವಪ್ಪ ತೊಗರಿ ವ್ಯಾಪಾರಿ, ಕಾಳು ಹಿಡಿದು ನೋಡುವಂತೆ ಮನುಷ್ಯರನ್ನೂ ನೋಡುವವರು. ಅವರು ಗಂಟಲು ಸರಿಪಡಿಸಿಕೊಂಡು ಕೇಳಿದರು. "ಡ್ಯೂಟಿ ಮುಗಿಸಿ ಬಂದ ಮ್ಯಾಲ ಮನ್ಯಾಗ ಏನ ಮಾಡತೀರಿ?"

"ಲೆಸ್ಲಿ ವೇನನ ಹಾಡ ಕೇಳತೇನ್ರಿ" ಎಂದ ಸಿದ್ದಾರೂಢ.

ನನ್ನ ಕೈಯ ಭಜಿ ಬಾಯಿಯ ಹತ್ತಿರವೇ ನಿಂತಿತು. ರೇವಪ್ಪನವರ ತಾಯಿ ಸಿದ್ದವ್ವ ಗೋಡೆಗೆ ಒರಗಿ ಕುಳಿತಿದ್ದವರು ಮುಂದೆ ಬಾಗಿ, "ಅಂವ ಯಾರ ತಮ್ಮಾ? ನಿಮ್ಮ ಸಾಹೇಬನೇನ?" ಎಂದರು.

ಸಿದ್ದಾರೂಢನಿಗೆ ಇಷ್ಟು ಸಾಕಾಯಿತು. ಲೆಸ್ಲಿ ವೇನ್ ಲಂಡನ್ನಿನ ಹಾಡುಗಾರನೆಂದೂ, ಎಂಬತ್ತರ ದಶಕದಲ್ಲಿ ನಾಲ್ಕೇ ಆಲ್ಬಂ ಮಾಡಿ ಸುಮ್ಮನಾದನೆಂದೂ, ಅವನದು ನ್ಯೂ ವೇವ್ ಎಂಬ ಪದ್ಧತಿಯೆಂದೂ ವಿವರಿಸತೊಡಗಿದ. ಹೊಸ ಅಲೆ ಎಂದರೆ ನಮಗೆ ಸಿನಿಮಾ ಗೊತ್ತು, ಜನ ಅರ್ಧಕ್ಕೇ ಎದ್ದು ಹೋಗುವಂಥದು. ಇಲ್ಲಿಯೂ ಹಾಗೇ ಆದೀತೆಂದು ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆಂದು ಕಣ್ಣಲ್ಲೇ ಹುಡುಕಿದೆ.

ಆಗ ಚಹಾದ ತಟ್ಟೆ ಹಿಡಿದು ನಿಂತಿದ್ದ ಹುಡುಗಿ ತಲೆ ಎತ್ತಿದಳು. ಹೆಸರು ಶೈಲಶ್ರೀ, ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. "ನಾಲ್ಕೂ ಅದಾವೇನ್ರಿ ನಿಮ್ಮ ಕಡೆ?" ಎಂದಳು.

"ನಾಲ್ಕೂ ಅದಾವ್ರಿ. ನಿಮಗ ಹ್ಯಾಂಗ ಗೊತ್ತ್ರಿ?"

"ನನ್ನ ಕಡೇನೂ ನಾಲ್ಕೂ ಅದಾವ್ರಿ."

ನೋಡಲು ಬಂದವರ ಮುಂದೆ ಹುಡುಗಿ ತಾನಾಗಿ ಬಾಯಿ ಬಿಟ್ಟದ್ದು ಆ ಮನೆಯಲ್ಲಿ ಅದೇ ಮೊದಲು. ಆದರೆ ಯಾರೂ ಬೈಯಲಿಲ್ಲ. ರೇವಪ್ಪನವರ ಕಣ್ಣು ತುಂಬಿ ಬಂದವು. "ಬೀಗರ, ಆರು ವರ್ಷದಿಂದ ಈ ತ್ರಾಸ ನನ್ನ ಮಗಳಿಗೆ ಒಬ್ಬಾಕಿಗೇ ಐತಿ ಅಂತ ತಿಳದಿದ್ನಿ" ಎಂದು ನನ್ನ ಕೈ ಹಿಡಿದರು. ಇಬ್ಬರ ಕ್ಯಾಸೆಟ್ಟೂ ಕೂಡಿದ ಮೇಲೆ ಜಾತಕ ಯಾಕೆ ಎಂದು ಪಂಚಾಂಗವನ್ನು ಒಳಗಿಡಿಸಿದರು. ಹಿಂದಿರುಗುವಾಗ ಸಿದ್ದಾರೂಢ ಬಸ್ಸಿನಲ್ಲಿ ಕುಳಿತುಕೊಳ್ಳಲೇ ಇಲ್ಲ, ಬಾಗೇವಾಡಿಯ ತನಕ ಸಂತೋಷದಿಂದ ನಿಂತೇ ಬಂದ.

ನಿಶ್ಚಯಕ್ಕೆ ಮೊದಲು ಒಂದು ಭಾನುವಾರ ಇಬ್ಬರೂ ಕೂತು ಲೆಸ್ಲಿಯ ನಾಲ್ಕೂ ಆಲ್ಬಂಗಳನ್ನು ಮೊದಲಿನಿಂದ ಇನ್ನೊಮ್ಮೆ ಕೇಳಬೇಕೆಂದು ಸಿದ್ದಾರೂಢ ಹೇಳಿ ಕಳಿಸಿದ. ರೇವಪ್ಪನವರು ಸಂತೋಷದಿಂದ ಒಪ್ಪಿದರು. ಆದರೆ ಹುಡುಗ ಹುಡುಗಿಯನ್ನು ಹಾಗೆಯೇ ಕೂಡಿಸುವುದು ಸರಿಯಲ್ಲವೆಂದು ಓಣಿಯವರನ್ನೆಲ್ಲ ಕರೆದುಬಿಟ್ಟರು. ನಾವು ಹೋದಾಗ ಪಡಸಾಲೆಯಲ್ಲಿ ಜಮಖಾನ ಹಾಸಿ ನಲವತ್ತು ಜನ ಕುಳಿತಿದ್ದರು, ಕೆಲವರು ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಬಂದಿದ್ದರು.

ಸಿದ್ದಾರೂಢ ಚಾದರದಲ್ಲಿ ಸುತ್ತಿ ತಂದಿದ್ದ ಟೂ-ಇನ್-ಒನ್ ಟೇಪ್ ರೆಕಾರ್ಡರ್ ಬಿಚ್ಚಿ, ಮೊದಲನೆಯ ಆಲ್ಬಂ ಹಾಕಿದ. ಒಬ್ಬ ತರುಣ ಹಾಡತೊಡಗಿದ. ದನಿ ಎಳೆಯದು, ಸ್ವಲ್ಪ ಬೇಸರ ಮಾಡಿಕೊಂಡವನಂತಿತ್ತು. ಸಿದ್ದಾರೂಢ ಕಣ್ಣು ಮುಚ್ಚಿದ. ಶೈಲಶ್ರೀ ಕಣ್ಣು ದೊಡ್ಡದು ಮಾಡಿದಳು.

"ಇಂವ ಯಾರ್ರಿ?" ಎಂದಳು.

"ಲೆಸ್ಲಿ ಅಲ್ಲೇನ್ರಿ!"

"ಲೆಸ್ಲಿ? ಈ ಮೀಸಿ ಮೂಡದ ಹುಡುಗ? ಲೆಸ್ಲಿಗೆ ಅರವತ್ತರ ಮ್ಯಾಲ ವಯಸ್ಸಾಗೇತ್ರಿ!"

ಅವಳು ಒಳಗೆ ಹೋಗಿ ತನ್ನ ಕ್ಯಾಸೆಟ್ ತಂದು ಹಾಕಿದಳು. ಅದೇ ಹಾಡು, ಅದೇ ಡೋಲು, ಆದರೆ ಹಾಡುವವನು ಮಾತ್ರ ಮುದುಕ. ಒಂದೊಂದು ಸಾಲನ್ನೂ ಬಾವಿಯಿಂದ ನೀರು ಸೇದಿದಂತೆ ಎಳೆದು ಎಳೆದು ಮೇಲೆ ತರುತ್ತಿದ್ದ. ವಿಭೂತಿ ಹಚ್ಚಿಕೊಂಡು ಬಂದವರು ಕೈ ಮುಗಿದರು. ಸಿದ್ದವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇದು ಲೆಸ್ಲಿ ಅಲ್ರಿ" ಎಂದ ಸಿದ್ದಾರೂಢ. ನಾನು ಅವನ ಅಂಗಿ ಜಗ್ಗಿದೆ. ಅವನು ಕೇಳಲಿಲ್ಲ. "ಇದು ಯಾವನೋ ಅವನ ಹಾಡು ಕದ್ದು ಹಾಡ್ಯಾನ್ರಿ. ಮೂರನೇ ಹಾಡು ಕೇಳ್ರಿ, ಟೆಲಿಫೋನಿಂದು. ಹುಡುಗ ಹುಡುಗಿಗೆ ಫೋನ ಹಚ್ಚತಾನ, ಲೈನ್ ಸಿಗಂಗಿಲ್ಲ. ಅರವತ್ತರ ಮುದುಕ ಯಾರಿಗೆ ಹಚ್ಚತಾನ್ರಿ?"

"ಮಗನಿಗೆ ಹಚ್ಚತಾನ್ರಿ!" ಎಂದಳು ಶೈಲಶ್ರೀ. "ದೂರ ಇರೋ ಮಗಾ. ಆರು ವರ್ಷ ಆತು, ಆ ಹಾಡ ಕೇಳಿದಾಗೆಲ್ಲ ನಾ ಅತ್ತೇನ್ರಿ. ಅದನ್ನ ನೀವು ಹುಡುಗ ಹುಡುಗಿ ಆಟ ಮಾಡತೀರೇನ್ರಿ?"

ಆ ಹಾಡಿನಲ್ಲಿ ಟೆಲಿಫೋನ್ ಎಂಬ ಒಂದು ಶಬ್ದವನ್ನು ಬಿಟ್ಟರೆ ಉಳಿದದ್ದು ಇಬ್ಬರಿಗೂ ತಿಳಿಯುತ್ತಿರಲಿಲ್ಲ ಎಂಬುದು ನನ್ನ ಅಂದಾಜು. ಆದರೆ ಅಭಿಮಾನ ಎಂಬುದು ಶಬ್ದಾರ್ಥದ ಮೇಲೆ ನಿಲ್ಲುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಸುಳ್ಳರೆಂದು ತಿಳಿದರು, ಅದನ್ನು ನಲವತ್ತು ಜನರ ಮುಂದೆ ಹೇಳಿಯೂ ಬಿಟ್ಟರು. ಗಡಿಬಿಡಿಯಲ್ಲಿ ಸಿದ್ದಾರೂಢ ತನ್ನ ಎರಡನೆಯ ಆಲ್ಬಂನ ಕ್ಯಾಸೆಟ್ ಅಲ್ಲಿಯೇ ಬಿಟ್ಟು, ಮೊದಲನೆಯದರ ಜೊತೆ ಅವಳದನ್ನೂ ಚಾದರದಲ್ಲಿ ಸುತ್ತಿಕೊಂಡು ಬಂದ.

ಸುದ್ದಿ ನಮಗಿಂತ ಮೊದಲೇ ಬಾಗೇವಾಡಿಗೆ ಬಂದು ಇಳಿದಿತ್ತು. ಸೋಮವಾರ ಬೆಳಿಗ್ಗೆ ನಳದ ಹತ್ತಿರ ಪಕ್ಕದ ಮನೆಯ ಅಖ್ತರಬೇಗಂ ನಮ್ಮಕ್ಕನನ್ನು ಸಮಾಧಾನ ಮಾಡಿದಳು. "ಹೋಗಲಿ ಬಿಡ್ರಿ ಅಕ್ಕಾ, ಹುಡುಗಿಗೆ ಒಬ್ಬ ಮುದುಕನ ಮ್ಯಾಲ ಜೀವ ಅಂತ, ಮದುವಿ ಮೊದಲ ಗೊತ್ತಾಗಿದ್ದು ಚಲೋ ಆತು."

ಮಂಗಳವಾರ ಆ ಮುದುಕನಿಗೆ ಲೆಸ್ಲಿ ಎಂಬ ಹೆಸರು ಬಂತು. ಬುಧವಾರ ಅವನಿಗೆ ಇಂಡಿಯ ರೈಲ್ವೆ ಸ್ಟೇಷನ್ನಿನಲ್ಲಿ ನೌಕರಿ ಸಿಕ್ಕಿತು. ಗುರುವಾರ ಮೊದಲ ಹೆಂಡತಿಯೂ ಎರಡು ದೊಡ್ಡ ಮಕ್ಕಳೂ ಆದರು. ನಮ್ಮ ದೊಡ್ಡಪ್ಪನ ಮಗನೊಬ್ಬ ಸ್ವಂತ ಖರ್ಚಿನಲ್ಲಿ ಇಂಡಿಗೆ ಹೋಗಿ, ಸ್ಟೇಷನ್ನಿನಲ್ಲಿ ವಿಚಾರಿಸಿ, ಆ ಹೆಸರಿನವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ವರ್ಗಾ ಆಗಿ ಹೋಗ್ಯಾನ" ಎಂದು ವರದಿ ತಂದ.

ಮುದ್ದೇಬಿಹಾಳದವರೇನು ಸುಮ್ಮನೆ ಕೂತಿರಲಿಲ್ಲ. ಅಲ್ಲಿ ನಮ್ಮ ಸಿದ್ದಾರೂಢ ಲೆಸ್ಲಿ ಎಂಬ ಹುಡುಗನೊಬ್ಬನನ್ನು ಸಾಕಿಕೊಂಡಿದ್ದಾನೆಂದೂ, ಮದುವೆಯಾದ ಮೇಲೆ ಅವನಿಗೂ ಹುಡುಗಿಯೇ ರೊಟ್ಟಿ ಬಡಿಯಬೇಕೆಂದೂ ಮಾತು ಎದ್ದಿತ್ತು.

ಇಷ್ಟಕ್ಕೆ ಮುಗಿದಿದ್ದರೂ ಸಾವರಿಸಬಹುದಿತ್ತು. ಆದರೆ ಸಿದ್ದಾರೂಢ ತನ್ನ ಮಾತು ಖರೆ ಎಂದು ತೋರಿಸಲು, ಇಬ್ಬರ ಕ್ಯಾಸೆಟ್ಟುಗಳನ್ನೂ ತನ್ನ ಕಚೇರಿಯ ಜೂನಿಯರ್ ಇಂಜಿನಿಯರ್ ಅನೀಲಕುಮಾರರ ಮುಂದೆ ಇಟ್ಟ. ಅವರದು ಕಾಲುವೆಯಲ್ಲಿ ನೀರಿನ ವೇಗ ಅಳೆಯುವ ಕೆಲಸ. ಯಾವುದನ್ನೇ ಆಗಲಿ ಅಳೆಯದೆ ನಂಬುವ ಮನುಷ್ಯರಲ್ಲ, ತಮ್ಮ ಮದುವೆಯಲ್ಲಿ ಮಂಗಲಾಷ್ಟಕಕ್ಕೂ ವೇಳೆ ಹಚ್ಚಿದ್ದರಂತೆ. ಸರ್ಕಾರಿ ಸ್ಟಾಪ್‌ವಾಚ್ ತೆಗೆದು, ಕಚೇರಿಯ ಬಾಗಿಲು ಹಾಕಿಸಿ, ಪ್ಯೂನನಿಗೆ ಕೆಮ್ಮಬಾರದೆಂದು ತಾಕೀತು ಮಾಡಿ ಹಾಡುಗಳನ್ನು ಅಳೆದರು. ಟೆಲಿಫೋನಿನ ಹಾಡು ಸಿದ್ದಾರೂಢನ ಕ್ಯಾಸೆಟ್ಟಿನಲ್ಲಿ ನಾಲ್ಕು ನಿಮಿಷ, ಹುಡುಗಿಯದರಲ್ಲಿ ಐದೂವರೆ ನಿಮಿಷ.

"ಒಂದ ಹಾಡು ಒಬ್ಬನ ಮನಷ್ಯಾ ಹಾಡಿದ್ರ ಒಂದೂವರಿ ನಿಮಿಷ ಹೆಚ್ಚಿಗಿ ಎಲ್ಲಿಂದ ಬರ್ತೈತ್ರಿ?" ಎಂದು ಕೇಳಿ, "ಹಾಡಿದವರು ಇಬ್ಬರು ಬೇರೆ ಬೇರೆ ವ್ಯಕ್ತಿಗಳು, ಎರಡನೆಯವರು ಮೊದಲನೆಯವರಿಗಿಂತ ಕನಿಷ್ಠ ನಲವತ್ತು ವರ್ಷ ಹಿರಿಯರು" ಎಂದು ಬರೆದು ಸಹಿ ಮಾಡಿದರು. ಕೆಳಗೆ ಕಚೇರಿಯ ಸಿಕ್ಕಾ, ಎಂದರೆ ಮೊಹರು, ಬೇರೆ.

ಆ ಕಾಗದ ಮುದ್ದೇಬಿಹಾಳ ಮುಟ್ಟಿದ ಮರುದಿನ ರೇವಪ್ಪನವರು ನಮ್ಮ ಮನೆಗೆ ಬಂದರು. ಚಹಾ ಮುಟ್ಟಲಿಲ್ಲ. "ಮಾಸ್ತರ" ಎಂದರು. ಬೀಗರು ಹೋಗಿ ಮಾಸ್ತರ ಆಗಿದ್ದೆ. "ನನ್ನ ಮಗಳು ಸುಳ್ಳ ಹೇಳಾಕಿ ಅಂತ ಸರಕಾರದ ಸಿಕ್ಕಾ ಹಾಕಿಸಿ ಕಳಿಸೀರಿ. ದೇವರ ಹಿಪ್ಪರಗಿಯಿಂದ ಇನ್ನೊಂದ ಸಂಬಂಧ ಬಂದೈತಿ. ಹುಡುಗ ಯಾವ ಹಾಡೂ ಕೇಳಂಗಿಲ್ಲ. ಬರೋ ಸೋಮವಾರದ ತನಕ ನೋಡತೇನಿ. ಲೆಸ್ಲಿ ಹುಡುಗನೋ ಮುದುಕನೋ ಫೈಸಲ್ ಆಗಲಿಲ್ಲಂದ್ರ ಅವರಿಗೆ ಮಾತ ಕೊಡತೇನಿ."

ಆ ರಾತ್ರಿ ಸಿದ್ದಾರೂಢ ಊಟ ಬಿಟ್ಟ. ಮರುದಿನವೂ ಬಿಟ್ಟ. ನಮ್ಮಕ್ಕ ಅಳುತ್ತ ನನಗೆ ಹೇಳಿ ಕಳಿಸಿದಳು.

"ಮಾಮಾ, ನನಗ ಅಕೀನ ಬೇಕು" ಎಂದ. "ಹನ್ನೊಂದು ವರ್ಷ ನಾ ಈ ಹಾಡ ಒಬ್ಬನ ಕೇಳೇನಿ. ಜಗತ್ತಿನ್ಯಾಗ ಇನ್ನೊಬ್ಬರು ಕೇಳತಾರ ಅಂತ ಅವತ್ತ ಗೊತ್ತಾತು. ಎಷ್ಟ ಖುಷಿ ಆಗಿತ್ತು ಗೊತ್ತೈತೇನು?"

"ಹಂಗಾರ ಲೆಸ್ಲಿ ಮುದುಕ ಅಂತ ಒಪ್ಪಿ ಬಿಡೋ ಮಾರಾಯಾ!"

"ಅಂವ ಮುದುಕ ಇಲ್ಲಲ್ಲ ಮಾಮಾ!"

ನನಗೆ ಕೋಪವೂ ಬಂತು, ಕನಿಕರವೂ ಬಂತು. ಅಷ್ಟರಲ್ಲಿ ಶೈಲಶ್ರೀಯ ಕಾಗದ ಬಂತು. ಸಿದ್ದಾರೂಢನಿಗೆ ಬರೆಯುವುದು ಚೆನ್ನಾಗಿರುವುದಿಲ್ಲವೆಂದು ನನ್ನ ಹೆಸರಿಗೆ ಬರೆದಿದ್ದಳು. "ಲೆಸ್ಲಿ ತರುಣನೆಂದು ಒಪ್ಪುವುದು ನನ್ನಿಂದಾಗದು. ಆದರೆ ದೇವರ ಹಿಪ್ಪರಗಿಯ ಸಂಬಂಧವೂ ನನಗೆ ಬೇಡ. ನನ್ನ ಕ್ಯಾಸೆಟ್ಟಿನ ಮೇಲೂ ಅವರು ಬಿಟ್ಟುಹೋದ ಕ್ಯಾಸೆಟ್ಟಿನ ಮೇಲೂ ಸಿಂದಗಿಯ ಒಂದೇ ಅಂಗಡಿಯ ಹೆಸರಿದೆ. ಹಾಡು ತುಂಬಿಕೊಟ್ಟವರನ್ನೇ ಕೇಳೋಣ." ವಿಜ್ಞಾನದ ಟೀಚರು ಎಂದರೆ ಹೀಗಿರಬೇಕು. ನಾನು ಆ ಕಾಗದವನ್ನು ಎರಡು ಸಲ ಓದಿದೆ, ಒಂದು ಕಾಗುಣಿತದ ತಪ್ಪೂ ಇರಲಿಲ್ಲ.

ಭಾನುವಾರ ಎರಡೂ ಕಡೆಯವರು ಸಿಂದಗಿಯ ಬಸ್‌ ಸ್ಟ್ಯಾಂಡಿನಲ್ಲಿ ಕೂಡಿದೆವು. ನಾವು ಏಳು ಜನ, ಅವರು ಒಂಬತ್ತು, ಜೊತೆಗೆ ಸ್ಟಾಪ್‌ವಾಚ್ ಹಿಡಿದ ಅನೀಲಕುಮಾರರು. ಸಿದ್ದವ್ವನವರನ್ನು ಇಬ್ಬರು ರಟ್ಟೆ ಹಿಡಿದು ಇಳಿಸಿದರು. "ಮುದುಕನ ಪರವಾಗಿ ಯಾರರ ಮಾತಾಡಬೇಕಲ್ಲ" ಎಂದು ಹಟ ಹಿಡಿದು ಬಂದಿದ್ದರಂತೆ.

ಕ್ಯಾಸೆಟ್ ಅಂಗಡಿಯ ಮೋದಿನಸಾಬ ಹದಿನೇಳು ಜನ ಒಮ್ಮೆಗೇ ತನ್ನ ಕಡೆ ಬರುವುದನ್ನು ನೋಡಿ, ಎದ್ದು ನಿಂತು ತಲೆಯ ಮೇಲಿನ ಬೋರ್ಡು ತೋರಿಸಿದ. "ತುಂಬಿದ ಮ್ಯಾಲ ಗ್ಯಾರಂಟಿ ಇಲ್ಲಂತ ಬರದೇನ್ರಿ, ನೋಡ್ರಿ!"

ಜಗಳಕ್ಕೆ ಬಂದಿಲ್ಲವೆಂದು ನಾನು ನಂಬಿಸಿದೆ. ಇಬ್ಬರ ಕ್ಯಾಸೆಟ್ಟನ್ನೂ ಅವನ ಮುಂದಿಟ್ಟೆವು. ಅವನು ಕನ್ನಡಕ ಏರಿಸಿ ನೋಡಿದ. ಸಿದ್ದಾರೂಢ ಸಿಂದಗಿಯಲ್ಲಿ ಪಿಯುಸಿ ಓದುವಾಗ ತುಂಬಿಸಿದ್ದು ಎಂಬತ್ತಾರರಲ್ಲಿ. ಶೈಲಶ್ರೀ ಸೋದರತ್ತೆಯ ಮನೆಯಲ್ಲಿದ್ದಾಗ ತುಂಬಿಸಿದ್ದು ತೊಂಬತ್ತೊಂದರಲ್ಲಿ.

"ಎರಡೂ ನನ್ನ ಕೈಯಾಗಿನವ ಅದಾವ್ರಿ. ಎರಡಕ್ಕೂ ಅಸಲ ಒಂದ. ಮುಂಬೈದವರು ಒಬ್ಬರು ಇಂಜಿನಿಯರು ಡ್ಯಾಮಿಗೆ ಬಂದಿದ್ರು. ಟೇಪು, ನಾಲ್ಕು ಕ್ಯಾಸೆಟ್ಟು ರಿಪೇರಿಗೆ ಕೊಟ್ಟು ಹೋದವರು ತಿರುಗಿ ಬರಲಿಲ್ರಿ."

"ಅಸಲ ಒಂದ ಇದ್ರ ಇವರಿಗೆ ಹುಡುಗ, ನನ್ನ ಮಗಳಿಗೆ ಮುದುಕ ಹ್ಯಾಂಗ ಬಂದ?" ಎಂದರು ರೇವಪ್ಪ.

ಮೋದಿನಸಾಬ ಹೆಮ್ಮೆಯಿಂದ ತನ್ನ ಪದ್ಧತಿ ಹೇಳಿದ. "ಅಸಲ ಮ್ಯಾಲಿಂದ ಮ್ಯಾಲ ಹಚ್ಚಿದ್ರ ಸವೀತೈತ್ರಿ. ಅದಕ್ಕ ಅಸಲದಿಂದ ಒಂದ ಸಲ ತುಂಬಿಕೊಂಡು ಟ್ರಂಕಿನ್ಯಾಗ ಇಟ್ಟಬಿಟ್ಟೆ. ಆ ತುಂಬಿದ್ದರಿಂದ ಮೊದಲನೇ ಗಿರಾಕಿಗೆ. ಮೊದಲನೇ ಗಿರಾಕಿದರಿಂದ ಎರಡನೇದವರಿಗೆ, ಎರಡನೇದರಿಂದ ಮೂರನೇದವರಿಗೆ. ಯಾವಾಗಲೂ ಹೊಸಾದರಿಂದ ಹೊಸಾದ್ರಿ. ಹಳೇ ಮಾಲ ನಾ ಯಾರಿಗೂ ಕೊಡಂಗಿಲ್ಲ."

"ಯಾವ ಮಷೀನಿನಾಗ ಹಚ್ಚಿ ತುಂಬತೀರಿ?" ಶೈಲಶ್ರೀ ಕೇಳಿದಳು.

"ಕನ್ನಡ, ಹಿಂದಿಗೆ ಜಪಾನಿ ಮಷೀನ್ರಿ. ಇಂಗ್ಲಿಷ ಹಾಡಾದ್ರ ಇದರಾಗ ಹಚ್ಚಿ ಜಪಾನಿದರಾಗ ತುಂಬತೇನ್ರಿ." ಮೂಲೆಯಲ್ಲಿದ್ದ ಒಂದು ಮುರುಕು ಪೆಟ್ಟಿಗೆಯ ಮುಚ್ಚಳ ತೆಗೆದ. ಒಳಗೆ ಬೆಲ್ಟಿನ ಜಾಗದಲ್ಲಿ ಸೈಕಲ್ಲಿನ ಟ್ಯೂಬು ಕತ್ತರಿಸಿ ಹಾಕಿತ್ತು. "ಸ್ವಲ್ಪ ನಿಧಾನ ತಿರಗತೈತಿ. ಆದ್ರ ಇಂಗ್ಲಿಷ ಹಾಡಿನಾಗ ತಪ್ಪ ಹಿಡಿಯೋರು ನಮ್ಮ ಕಡೆ ಯಾರದಾರ್ರಿ?"

ನಾನು ಗಣಿತವನ್ನೂ ಕಲಿಸಿದವನು. ನಿಂತಲ್ಲೇ ಲೆಕ್ಕ ತಿಳಿಯಿತು. ಆ ಸೋಮಾರಿ ಪೆಟ್ಟಿಗೆಯಲ್ಲಿ ಓಡಿದ ಹಾಡು ಪ್ರತಿಸಲವೂ ಇಷ್ಟಿಷ್ಟು ನಿಧಾನವಾಗಿ ಮುಂದಿನ ಕ್ಯಾಸೆಟ್ಟಿಗೆ ಇಳಿಯುತ್ತಿತ್ತು, ಅದು ಇನ್ನಷ್ಟು ನಿಧಾನವಾಗಿ ಅದರ ಮುಂದಿನದಕ್ಕೆ. ನಿಧಾನವಾದಷ್ಟೂ ಹಾಡುವವರ ದನಿ ದಪ್ಪವಾಗುತ್ತಿತ್ತು. ಲೆಸ್ಲಿ ವೇನ್ ಮುದುಕನಾದದ್ದು ಲಂಡನ್ನಿನಲ್ಲಲ್ಲ, ಸಿಂದಗಿಯ ಬಸ್ ಸ್ಟ್ಯಾಂಡಿನ ಎದುರಿಗೆ. ಇನ್ನೆರಡು ಗಿರಾಕಿ ಬಂದಿದ್ದರೆ ಸತ್ತೇ ಹೋಗುತ್ತಿದ್ದ.

ಇದನ್ನು ಎಲ್ಲರಿಗೂ ಬಿಡಿಸಿ ಹೇಳಿದೆ. ಅನೀಲಕುಮಾರರು ಮೆಲ್ಲಗೆ ಸ್ಟಾಪ್‌ವಾಚ್ ಜೇಬಿಗೆ ಇಳಿಸಿಕೊಂಡರು. ಆದರೆ ಸಿದ್ದಾರೂಢ ಹಿಗ್ಗಿ ಕೂಗಿದ. "ನನ್ನದು ಮೊದಲಿಂದು! ಅಸಲಕ್ಕ ನಂದ ಸಮೀಪ ಐತಿ! ಲೆಸ್ಲಿ ಹುಡುಗನ ಅಂತ ನಾ ಹೇಳಿರಲಿಲ್ಲೇನ್ರಿ?"

ಶೈಲಶ್ರೀಯ ಮುಖ ಬಿಳಿಚಿಕೊಂಡಿತು. ಆರು ವರ್ಷ ಯಾರಿಗಾಗಿ ಅತ್ತಿದ್ದಳೋ ಆ ಮುದುಕ ಕಣ್ಣೆದುರಿಗೇ ಇಲ್ಲವಾಗಿದ್ದ. ರೇವಪ್ಪನವರು ಮಗಳ ಮುಖ ನೋಡಿದರು, ನಮ್ಮ ಹುಡುಗನ ಕುಣಿತ ನೋಡಿದರು. "ನಡಿ ಶೈಲೂ, ಬಸ್ಸಿಗೆ ಹೊತ್ತಾತು" ಎಂದರು. ಗೆದ್ದೆನೆಂದು ಕುಣಿಯುತ್ತಲೇ ಸಿದ್ದಾರೂಢ ಹುಡುಗಿಯನ್ನು ಕಳೆದುಕೊಳ್ಳುತ್ತಿದ್ದ.

"ತಡೀರಿ, ಅಸಲ ಕೇಳಿ ಹೋಗ್ರಿ. ಇಷ್ಟ ದೂರ ಬಂದೀರಿ" ಎಂದು ಮೋದಿನಸಾಬ ಟ್ರಂಕು ತೆಗೆದ. ಅಸಲು ಕ್ಯಾಸೆಟ್ಟನ್ನು ಜಪಾನಿ ಮಷೀನಿಗೆ ಹಾಕಿ ದನಿ ಪೂರ್ತಿ ಏರಿಸಿದ.

ಡೋಲು ಕುದುರೆ ಓಡಿದ ಹಾಗೆ ಬಡಿಯತೊಡಗಿತು. ಅದರ ಮೇಲೆ ಒಬ್ಬ ಹುಡುಗಿ ಕಿಲಕಿಲ ಎಂದು ಹಾಡತೊಡಗಿದಳು. ಹೌದು, ಹುಡುಗಿ. ಉಸಿರು ಸಹ ತೆಗೆದುಕೊಳ್ಳದೆ, ಯಾರೋ ಬೆನ್ನಟ್ಟಿದಂತೆ ನಗುನಗುತ್ತ ಹಾಡುತ್ತಿದ್ದಳು. ಟೆಲಿಫೋನ್ ಎಂಬ ಶಬ್ದ ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ಎದುರಿನ ಹಣ್ಣಿನ ಗಾಡಿಯವನು ತಕ್ಕಡಿ ಬಾರಿಸಿದ. ಬಸ್ಸಿನ ಕಂಡಕ್ಟರನೊಬ್ಬ ಸೀಟಿ ಊದಿ ತಾಳ ಹಾಕಿದ. ಸಿದ್ದವ್ವ ಕೋಲು ನೆಲಕ್ಕೆ ಕುಟ್ಟುತ್ತ, "ಇದು ಚಲೋ ಐತಲ್ಲ!" ಎಂದರು.

"ಇದು ಲೆಸ್ಲಿ ಅಲ್ಲ!"

ಕೂಗಿದ್ದು ಇಬ್ಬರು. ಸಿದ್ದಾರೂಢ ಮತ್ತು ಶೈಲಶ್ರೀ, ಒಂದೇ ಉಸಿರಿಗೆ, ಒಂದೇ ಸಿಟ್ಟಿನಿಂದ.

"ಬಂದ್ ಮಾಡ್ರಿ ಅದನ್ನ!" ಎಂದ ಅವನು.

"ಅಸಹ್ಯ ಐತ್ರಿ!" ಎಂದಳು ಅವಳು. "ಆ ಹಾಡಿನ್ಯಾಗಿನ ದುಃಖ ಎಲ್ಲಿ ಹೋತ್ರಿ?"

"ಹೌದ್ರಿ! ದುಃಖ ಎಲ್ಲಿ ಐತ್ರಿ ಇದರಾಗ?"

ಮೋದಿನಸಾಬನಿಗೆ ಅವಮಾನವಾಯಿತು. ಕ್ಯಾಸೆಟ್ಟಿನ ಡಬ್ಬಿ ತಂದು ಅವರ ಮುಂದೆ ಹಿಡಿದ. ಅದರ ಮೇಲೆ ಕೂದಲು ಮುಳ್ಳಿನಂತೆ ನಿಲ್ಲಿಸಿಕೊಂಡ ಇಪ್ಪತ್ತರ ಹುಡುಗಿಯ ಫೋಟೋ, ಕೆಳಗೆ ದೊಡ್ಡ ಅಕ್ಷರದಲ್ಲಿ ಲೆಸ್ಲಿ ವೇನ್ ಎಂಬ ಹೆಸರು. ಇಬ್ಬರೂ ತಲೆಗೆ ತಲೆ ಹಚ್ಚಿ ಅದನ್ನು ನೋಡಿದರು.

ಬಹಳ ಹೊತ್ತು ವಿಚಾರ ಮಾಡಿ ಸಿದ್ದಾರೂಢ ತನ್ನ ತೀರ್ಮಾನ ಹೇಳಿದ. "ಇಕಿ ಅವನ ತಂಗಿ ಇರಬೇಕ್ರಿ. ಅಣ್ಣನ ಹೆಸರ ಹಾಕ್ಕೊಂಡು ಹಾಡ್ಯಾಳ."

ಶೈಲಶ್ರೀ ಫೋಟೋ ನೋಡಿದಳು. ಮೂಲೆಯಲ್ಲಿ ಮುಚ್ಚಳ ತೆರೆದಿದ್ದ ಪೆಟ್ಟಿಗೆಯನ್ನೂ ಅದರೊಳಗಿನ ಟ್ಯೂಬನ್ನೂ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳಿಗೆ ಎಲ್ಲವೂ ತಿಳಿದಿತ್ತು. ಕಡೆಗೆ ಸಿದ್ದಾರೂಢನ ಕಡೆ ತಿರುಗಿದಳು. ಅವನು ಊಟವಿಲ್ಲದೆ ಒಣಗಿದ ಮುಖ ಹೊತ್ತು, ಪರೀಕ್ಷೆಯ ಫಲಿತಾಂಶಕ್ಕೆ ನಿಂತವನಂತೆ ಅವಳ ಬಾಯನ್ನೇ ನೋಡುತ್ತಿದ್ದ.

"ಹೌದ್ರಿ" ಎಂದಳು. "ತಂಗೀನ ಇರಬೇಕು. ನಿಮ್ಮವು ಲೆಸ್ಲಿ ಸಣ್ಣಾಂವ ಇದ್ದಾಗ ಹಾಡಿರಬೇಕು, ನನ್ನವು ವಯಸ್ಸಾದ ಮ್ಯಾಲ."

"ಹಂಗಾರ ಇಬ್ಬರದೂ ಖರೆ ಐತ್ರಿ!" ಸಿದ್ದಾರೂಢ ಕುಣಿದಾಡಿದ. "ಎಂಟೂ ಕ್ಯಾಸೆಟ್ ಕೂಡಿಸಿದ್ರ ಅವನ ಇಡೀ ಜೀವನ ಆಕೈತ್ರಿ!"

ಇದನ್ನು ಕೇಳಿ ನಾನು ಸುಮ್ಮನಿರುವುದು ಹೇಗೆ? ಮೂವತ್ತೆಂಟು ವರ್ಷ ಹಲಗೆಯ ಮೇಲಿನ ಒಂದು ತಪ್ಪನ್ನೂ ಅಳಿಸದೆ ಬಿಟ್ಟವನಲ್ಲ. ಮುಂದೆ ಬಂದು, ಬೆರಳೆತ್ತಿ, "ನೋಡ್ರಿ, ಖರೇ ಸಂಗತಿ ಏನಂದ್ರ" ಎಂದು ಬಾಯಿ ತೆರೆದೆ.

ತೆರೆದ ಬಾಯಿಗೆ ಸಿದ್ದವ್ವ ಒಂದು ಹಿಡಿ ಸಕ್ಕರೆ ತುರುಕಿದರು. ಪಕ್ಕದ ಚಹಾದಂಗಡಿಯಿಂದ ಯಾವಾಗ ತರಿಸಿದ್ದರೋ ಗೊತ್ತಿಲ್ಲ. ಅದು ಕರಗುವಷ್ಟರಲ್ಲಿ ಮದುವೆಯ ತಾರೀಖು ಗೊತ್ತಾಗಿತ್ತು.